ಏಜೆಂಟರು ಯಾರ ಪರ ಎಂಬುದು ಮನೆ ತೋರಿಸುವ ಮೊದಲೇ ತಿಳಿಯಲಿ

ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮನೆ ಕೊಳ್ಳಲು ಹೊರಟವರಿಗೆ ನಮ್ಮಲ್ಲಿ ಬುದ್ಧಿಮಾತಿಗೆ ಬರವಿಲ್ಲ. ಒಳ್ಳೆಯ ಏಜೆಂಟರನ್ನು ಹುಡುಕಿಕೊಳ್ಳಿ, ಆ ಬಡಾವಣೆಯ ಒಳಹೊರಗು ಬಲ್ಲವರಾಗಿರಲಿ, ಹಿಂದೆ ಅವರ ಮೂಲಕ ಕೊಂಡ ನಾಲ್ಕು ಜನರನ್ನು ವಿಚಾರಿಸಿ ನೋಡಿ ಎಂದು ನೆಂಟರೂ ಹೇಳುತ್ತಾರೆ, ಸಹೋದ್ಯೋಗಿಗಳೂ ಹೇಳುತ್ತಾರೆ. ಮಾತು ತಪ್ಪಲ್ಲ. ಆದರೆ ಒಬ್ಬ ಏಜೆಂಟರನ್ನು ಅಳೆಯಲು ಎಲ್ಲಕ್ಕಿಂತ ಮೊದಲು ಬೇಕಾದ ಎರಡು ಸಂಗತಿಗಳು ಇಂಥ ವಿಚಾರಣೆಯಿಂದ ಹೊರಬೀಳುವುದಿಲ್ಲ. ಈ ವ್ಯವಹಾರದಲ್ಲಿ ಅವರು ಯಾರ ಪರ? ವ್ಯವಹಾರ ಕುದುರಿದರೆ ಅವರಿಗೆ ಯಾರಿಂದ ಎಷ್ಟು ಹಣ ಬರುತ್ತದೆ? ಇವೆರಡಕ್ಕೆ ಉತ್ತರ ಗೊತ್ತಿಲ್ಲದೆ ಏಜೆಂಟರನ್ನು ಆರಿಸಿಕೊಂಡೆವು ಎನ್ನುವುದರಲ್ಲಿ ಅರ್ಥವಿಲ್ಲ, ಎದುರಿಗೆ ಬಂದವರನ್ನು ನಂಬಿದೆವು ಎನ್ನಬಹುದು ಅಷ್ಟೆ. ಆದ್ದರಿಂದ ತಮ್ಮಲ್ಲಿ ಒಂದು ನಿರ್ದೇಶನವನ್ನು ಬೇಡುತ್ತಿದ್ದೇನೆ. ರಾಜ್ಯದ ಪ್ರತಿಯೊಬ್ಬ ನೋಂದಾಯಿತ ಏಜೆಂಟರೂ ಗ್ರಾಹಕರಿಗೆ ಮೊದಲ ಮನೆಯನ್ನು ತೋರಿಸುವ ಮುನ್ನವೇ ಈ ಎರಡು ಸಂಗತಿಗಳನ್ನು ಬರೆದು ಕೊಡುವಂತಾಗಬೇಕು.

ಮೊದಲು ಮರುಮಾರಾಟದ ಮನೆಗಳ ಲೆಕ್ಕವನ್ನೇ ನೋಡೋಣ. ಬೆಂಗಳೂರಿನ ರೂಢಿಯಲ್ಲಿ ಬ್ರೋಕರ್‌ಗೆ ಕೊಳ್ಳುವವರು ಶೇ 1 ಅಥವಾ 2ರಷ್ಟು ಕೊಡುತ್ತಾರೆ, ಎಷ್ಟೋ ವ್ಯವಹಾರಗಳಲ್ಲಿ ಮಾರುವವರೂ ಅಷ್ಟೇ ಕೊಡುತ್ತಾರೆ. 80 ಲಕ್ಷ ರೂಪಾಯಿಯ ಫ್ಲ್ಯಾಟ್ ಎಂದಿಟ್ಟುಕೊಂಡರೆ ಶೇ 2ರಂತೆ ಒಂದೊಂದು ಕಡೆಯಿಂದ 1.60 ಲಕ್ಷ, ಎರಡೂ ಕಡೆಯಿಂದ ಒಟ್ಟು 3.20 ಲಕ್ಷ. ಈಗ ಕೊಳ್ಳುವವರ ಪರವಾಗಿ ಹಟ ಹಿಡಿದು ಬೆಲೆಯನ್ನು 3 ಲಕ್ಷ ಇಳಿಸಿದರೆ ಕೊಂಡವರಿಗೆ 3 ಲಕ್ಷ ಉಳಿಯುತ್ತದೆ, ಬ್ರೋಕರ್‌ಗೆ 12,000 ಖೋತಾ ಆಗುತ್ತದೆ. ಎಳೆದಾಟದಲ್ಲಿ ಮಾರುವವರು ಬೇಸತ್ತು ಎದ್ದುಹೋದರೆ 3.20 ಲಕ್ಷವೂ ಹೋಗುತ್ತದೆ. ಹೀಗಾಗಿ ಬೆಲೆ ಏರಿದರೂ ಇಳಿದರೂ ಅವರಿಗೆ ಅಂಥ ವ್ಯತ್ಯಾಸವಿಲ್ಲ, ವ್ಯವಹಾರ ಬೇಗ ಮುಗಿದರೆ ಸಾಕು. ಇದನ್ನು ಯಾರದೋ ದುರಾಸೆ ಎಂದು ಕರೆಯುವುದು ಅನ್ಯಾಯ. ಪ್ರಾಮಾಣಿಕ ಬ್ರೋಕರ್‌ಗೂ ಇದೇ ಲೆಕ್ಕ, ಅವರೂ ಸಂಸಾರ ಸಾಗಿಸಬೇಕು. ಆದರೆ ಈ ಲೆಕ್ಕ ಗ್ರಾಹಕರಿಗೆ ಕಾಣಿಸಬೇಕು. ಅದೇ 80 ಲಕ್ಷದ ಮನೆಗೆ ಸರ್ಕಾರಕ್ಕೆ ಕಟ್ಟುವ ನೋಂದಣಿ ಶುಲ್ಕವೂ, 2025ರ ಆಗಸ್ಟ್ 31ರಿಂದ ಶೇ 2 ಆಗಿರುವ ಕಾರಣ, ಸರಿಯಾಗಿ 1.60 ಲಕ್ಷವೇ ಆಗುತ್ತದೆ. ಆ ಹಣ ಕಾವೇರಿ ತಂತ್ರಾಂಶದಲ್ಲಿ ರೂಪಾಯಿ ಲೆಕ್ಕದಲ್ಲಿ ನಮೂದಾಗಿ, ರಸೀದಿಯಾಗಿ ಕೈಸೇರುತ್ತದೆ. ಅಷ್ಟೇ ಮೊತ್ತ ಬ್ರೋಕರ್ ಕೈಗೆ ಹೋಗುವಾಗ ಯಾವ ಕೆಲಸಕ್ಕೆ ಕೊಟ್ಟದ್ದು ಎಂಬ ಒಂದು ಸಾಲಿನ ಬರಹವೂ ಅನೇಕ ವ್ಯವಹಾರಗಳಲ್ಲಿ ಇರುವುದಿಲ್ಲ.

ಹೊಸ ಯೋಜನೆಗಳಲ್ಲಿ ಈ ಮರೆ ಇನ್ನೂ ದಪ್ಪವಾಗಿದೆ. ಅಲ್ಲಿ ಬ್ರೋಕರ್‌ಗೆ ಚಾನೆಲ್ ಪಾರ್ಟ್‌ನರ್ ಎಂಬ ಹೆಸರು. ‘ನಮಗೆ ನಿಮ್ಮಿಂದ ಒಂದು ರೂಪಾಯಿಯೂ ಬೇಡ ಸರ್, ಬಿಲ್ಡರೇ ಕೊಡುತ್ತಾರೆ’ ಎಂಬ ಮಾತು ಕೇಳಿದಾಗ ಕೊಳ್ಳುವವರಿಗೆ ಹಗುರವೆನಿಸುತ್ತದೆ. ಆದರೆ ಬಿಲ್ಡರ್ ಆ ಹಣವನ್ನು ಮಾರಾಟದ ಖರ್ಚಿಗೆ ಸೇರಿಸಿ ಚದರಡಿಯ ದರದಲ್ಲೇ ಹಿಂಪಡೆಯುತ್ತಾರೆ. ಕಮಿಷನ್ ದರ ಯೋಜನೆಯಿಂದ ಯೋಜನೆಗೆ ಬೇರೆ. ಇಷ್ಟು ಫ್ಲ್ಯಾಟ್ ಬುಕ್ ಮಾಡಿಸಿದರೆ ಹೆಚ್ಚುವರಿ ಇಷ್ಟು ಎಂಬ ಗುರಿಯೂ ಇರುತ್ತದೆ. ಒಂದು ಭಾನುವಾರ ಕಾರಿನಲ್ಲಿ ಕೂರಿಸಿಕೊಂಡು ಮೂರು ಅಪಾರ್ಟ್‌ಮೆಂಟ್ ತೋರಿಸುವ ಏಜೆಂಟರು ಯಾವುದನ್ನು ಕೊನೆಗೆ, ಬಿಡುವಾಗಿ ತೋರಿಸುತ್ತಾರೆ, ಯಾವುದರ ಬಗ್ಗೆ ‘ಅಲ್ಲಿ ನೀರಿನ ಸಮಸ್ಯೆ ಇದೆ’ ಎಂದು ಹೇಳಿ ಮುಂದೆ ಕರೆದೊಯ್ಯುತ್ತಾರೆ ಎಂಬುದನ್ನು ಆ ದರಗಳೇ ನಿರ್ಧರಿಸುತ್ತಿರಬಹುದು, ಇಲ್ಲದಿರಲೂಬಹುದು. ಗ್ರಾಹಕರಿಗೆ ಅದನ್ನು ತಿಳಿಯುವ ದಾರಿಯೇ ಇಲ್ಲ. ತಮ್ಮನ್ನು ಕರೆದೊಯ್ಯುತ್ತಿರುವವರು ತಮ್ಮ ಸಲಹೆಗಾರರೆಂದು ಅವರು ತಿಳಿದಿರುತ್ತಾರೆ, ವಾಸ್ತವದಲ್ಲಿ ಅವರು ಬಿಲ್ಡರ್‌ನ ಮಾರಾಟ ಪ್ರತಿನಿಧಿ. ಪ್ರೀ-ಲಾಂಚ್ ಎಂಬ ಹೆಸರಿನಲ್ಲಿ, 2016ರ ರಿಯಲ್ ಎಸ್ಟೇಟ್ ಕಾಯ್ದೆಯ (ರೇರಾ) 3ನೇ ಸೆಕ್ಷನ್ ಬೇಡವೆಂದರೂ, ನೋಂದಣಿಗೆ ಮುನ್ನವೇ ಚೆಕ್ ಪಡೆಯುವ ಪದ್ಧತಿ ಉಳಿದುಕೊಂಡಿರುವುದರಲ್ಲೂ ಈ ಪ್ರತಿನಿಧಿಗಳ ಪಾತ್ರ ದೊಡ್ಡದು.

ಒಳ್ಳೆಯ ಏಜೆಂಟರ ಸಲಹೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ‘ಇದು ಬೇಡ’ ಎಂಬ ಮಾತು. ಈಗಿನ ಪದ್ಧತಿಯಲ್ಲಿ ಆ ಮಾತಿಗೆ ಸಿಗುವ ಸಂಭಾವನೆ ಸೊನ್ನೆ. ಇದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಬ್ರೋಕರ್‌ಗಳ ಬಾಯಲ್ಲಿ ದಿನವೂ ಕೇಳುವ ‘ಇಸಿ ಕ್ಲಿಯರ್ ಇದೆ’ ಎಂಬ ಭರವಸೆಯನ್ನೇ ತೆಗೆದುಕೊಳ್ಳಿ. ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದು ಆ ಅವಧಿಯಲ್ಲಿ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಪತ್ರಗಳು ಮಾತ್ರ. ಅಣ್ಣತಮ್ಮಂದಿರ ನಡುವೆ ಸಿವಿಲ್ ನ್ಯಾಯಾಲಯದಲ್ಲಿ ನಡೆಯುತ್ತಿರುವ ಹಿಸ್ಸೆಯ ದಾವೆ ಅದರಲ್ಲಿ ಕಾಣಬೇಕೆಂದಿಲ್ಲ. ನೋಂದಣಿಯಾಗದ ಅಗ್ರಿಮೆಂಟ್ ಕಾಣುವುದಿಲ್ಲ. ಬಡಾವಣೆ ಎದ್ದಿರುವ ನೆಲ ಎಂದೋ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಪರಭಾರೆ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ವಶಕ್ಕೆ ಪಡೆದು ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ಹಿಂದಿರುಗಿಸಬಹುದು. ಈ ಕಾಯ್ದೆಯ ನೆರವು ಕೇಳಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ದಲಿತರ ಭೂಮಿ ಕೈತಪ್ಪಬಾರದೆಂದು ಬಂದ ಆ ಕಾಯ್ದೆ ಇರಲೇಬೇಕು. ಆದರೆ ಅದರ ಸುಳಿವು ಸಿಗುವುದು ಮೂಲ ಮಂಜೂರಾತಿ ಕಡತದಲ್ಲಿ, ಇಸಿಯಲ್ಲಿ ಅಲ್ಲ. ಇನ್ನು ಬಿ ಖಾತೆಯ ಮನೆಗೆ ಬ್ಯಾಂಕು ಸಾಲ ಕೊಡಲು ಹಿಂಜರಿಯುವುದು, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡದಲ್ಲಿ ನೀರು ಮತ್ತು ವಿದ್ಯುತ್ ಸಂಪರ್ಕಕ್ಕೆ ತೊಡಕಾಗುವುದು, 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯಾದರೆ ಶೇ 1ರಷ್ಟು ಟಿಡಿಎಸ್ ಕಡಿತ ಮಾಡಿ ಕಟ್ಟುವ ಹೊಣೆ ಕೊಳ್ಳುವವರದೇ ಆಗಿರುವುದು, ಮಾರುವವರು ವಿದೇಶವಾಸಿಯಾದರೆ ಆ ನಿಯಮವೇ ಬೇರೆಯಾಗುವುದು, ಇವನ್ನೆಲ್ಲ ಬಲ್ಲ ಏಜೆಂಟರು ಖಂಡಿತ ಇದ್ದಾರೆ. ಬಲ್ಲವರು ಅದನ್ನು ಬಾಯಿಬಿಟ್ಟು ಹೇಳಿದ ದಿನ ವ್ಯವಹಾರ ತಪ್ಪಿ, ಇಡೀ ತಿಂಗಳ ದುಡಿಮೆ ಹೋಗಬಹುದು ಎಂಬುದೇ ತೊಂದರೆ.

ಕಾಯ್ದೆ ಏನನ್ನುತ್ತದೆ? 2016ರ ಕಾಯ್ದೆಯ 9ನೇ ಸೆಕ್ಷನ್ ಏಜೆಂಟರ ನೋಂದಣಿಯನ್ನು ಕಡ್ಡಾಯ ಮಾಡಿದೆ, ಅವರ ಮೂಲಕ ನಡೆಯುವ ಪ್ರತಿ ಮಾರಾಟದಲ್ಲೂ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು ಎಂದಿದೆ. 10ನೇ ಸೆಕ್ಷನ್ ನೋಂದಣಿಯಿಲ್ಲದ ಯೋಜನೆಯ ಮಾರಾಟಕ್ಕೆ ನೆರವಾಗಬಾರದು, ಲೆಕ್ಕಪತ್ರ ಇಡಬೇಕು, ಸುಳ್ಳು ಅಥವಾ ದಾರಿತಪ್ಪಿಸುವ ಹೇಳಿಕೆ ಕೊಡಬಾರದು, ಬುಕಿಂಗ್ ವೇಳೆ ಗ್ರಾಹಕರಿಗೆ ಸಲ್ಲಬೇಕಾದ ದಾಖಲೆಗಳು ಸಿಗುವಂತೆ ಮಾಡಬೇಕು ಎನ್ನುತ್ತದೆ. ಮೀರಿದರೆ 62ನೇ ಸೆಕ್ಷನ್ ಪ್ರಕಾರ ದಿನಕ್ಕೆ 10,000 ರೂಪಾಯಿ, ಒಟ್ಟಾರೆ ಆ ಆಸ್ತಿಯ ವೆಚ್ಚದ ಶೇ 5ರವರೆಗೆ ದಂಡ. ಗಟ್ಟಿ ಮಾತುಗಳೇ. ಆದರೂ ಸಂಭಾವನೆ ಯಾರಿಂದ ಎಷ್ಟು ಎಂದು ತಿಳಿಸುವ ಕರ್ತವ್ಯವನ್ನು ಈ ಪಟ್ಟಿ ಹೆಸರಿಟ್ಟು ಹೇಳುವುದಿಲ್ಲ. ಇನ್ನೊಂದು ಕೊರತೆಯನ್ನೂ ತಮ್ಮ ಗಮನಕ್ಕೆ ತರಬೇಕು. ಪರಿಹಾರವನ್ನು ನಿರ್ಧರಿಸುವ 71ನೇ ಸೆಕ್ಷನ್ 12, 14, 18 ಮತ್ತು 19ನೇ ಸೆಕ್ಷನ್‌ಗಳನ್ನು ಮಾತ್ರ ಹೆಸರಿಸುತ್ತದೆ, ಏಜೆಂಟರ ಕರ್ತವ್ಯಗಳಿರುವ 10ನ್ನು ಹೆಸರಿಸುವುದಿಲ್ಲ. ಏಜೆಂಟರ ಮಾತು ನಂಬಿ ಕೆಟ್ಟವರು ದೂರು ಕೊಡಬಹುದು, ದಂಡ ಹಾಕಿಸಬಹುದು, ಆದರೆ ಆ ದಂಡದ ಹಣ ಅವರ ಕೈಗೆ ಬರುವುದಿಲ್ಲ. ನಷ್ಟ ತುಂಬಿಕೊಡುವ ದಾರಿ ಇಷ್ಟು ಕಿರಿದಾಗಿರುವಾಗ ನಷ್ಟವಾಗುವ ಮೊದಲೇ ಎಚ್ಚರಿಸುವ ಕೆಲಸ ಇನ್ನಷ್ಟು ಮುಖ್ಯವಾಗುತ್ತದೆ.

ನಾನು ಕೇಳುತ್ತಿರುವುದು ಹೊಸ ತತ್ತ್ವವೂ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 216ನೇ ಸೆಕ್ಷನ್, ತನ್ನನ್ನು ನೇಮಿಸಿಕೊಂಡವರಿಗೆ ತಿಳಿಸದೆ ಏಜೆಂಟರು ಆ ಕೆಲಸದಲ್ಲಿ ಸ್ವಂತಕ್ಕೆ ವ್ಯವಹರಿಸಿ ಲಾಭ ಮಾಡಿಕೊಂಡರೆ ಆ ಲಾಭವನ್ನು ನೇಮಿಸಿಕೊಂಡವರು ಕೇಳಿ ಪಡೆಯಬಹುದು ಎನ್ನುತ್ತದೆ. ಒಂದೂವರೆ ಶತಮಾನದ ಈ ಹಕ್ಕು ಮನೆ ಕೊಳ್ಳುವವರಿಗೆ ಏಕೆ ಒದಗುತ್ತಿಲ್ಲವೆಂದರೆ, ನೇಮಿಸಿಕೊಂಡವರು ಯಾರು ಎಂಬುದೇ ಎಲ್ಲೂ ಬರೆದಿಲ್ಲ. ಕೊಳ್ಳುವವರು ‘ನನ್ನ ಏಜೆಂಟ್’ ಎನ್ನುತ್ತಾರೆ, ಮಾರುವವರೂ ಹಾಗೆಯೇ ಅನ್ನುತ್ತಾರೆ, ವ್ಯಾಜ್ಯ ಬಂದ ದಿನ ಏಜೆಂಟರು ‘ನಾನು ಪರಿಚಯ ಮಾಡಿಸಿದೆ ಅಷ್ಟೆ’ ಎನ್ನುತ್ತಾರೆ. ಒಂದು ಹಾಳೆಯಲ್ಲಿ ಬರೆದಿದ್ದರೆ ಹಳೆಯ ಕಾಯ್ದೆಗೇ ಹಲ್ಲು ಬರುತ್ತದೆ.

ಹಣದ ಇನ್ನೊಂದು ಮಾರುಕಟ್ಟೆಯನ್ನು ನೋಡಿದರೆ ಈ ಬೇಡಿಕೆ ಎಷ್ಟು ಸಣ್ಣದೆಂದು ತಿಳಿಯುತ್ತದೆ. ತಿಂಗಳಿಗೆ 500 ರೂಪಾಯಿಯ ಎಸ್ಐಪಿ ಮಾಡಿಸುವ ಮ್ಯೂಚುವಲ್ ಫಂಡ್ ವಿತರಕರು ಎನ್ಐಎಸ್ಎಂ ಪರೀಕ್ಷೆ ಪಾಸಾಗಬೇಕು, ಎಆರ್‌ಎನ್ ಸಂಖ್ಯೆ ಪಡೆಯಬೇಕು. ಅವರಿಗೆ ಸಂದಾಯವಾದ ಕಮಿಷನ್ ಎಷ್ಟು ಎಂಬುದನ್ನು 2016ರ ಅಕ್ಟೋಬರ್‌ನಿಂದ ಹೂಡಿಕೆದಾರರ ಖಾತೆ ವಿವರಣೆಯಲ್ಲಿ ರೂಪಾಯಿಗಳಲ್ಲೇ ತೋರಿಸಬೇಕೆಂದು ಸೆಬಿ ವಿಧಿಸಿತು. ಆಗಲೂ ವಿತರಕರ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತದೆ ಎಂಬ ಆತಂಕವಿತ್ತು. ಆ ವೃತ್ತಿ ಅಳಿಯಲಿಲ್ಲ. ಫಂಡ್ ಇಷ್ಟವಾಗದಿದ್ದರೆ ಮಾರಿ ಹೊರಬರಲು ಕೆಲವು ದಿನ ಸಾಕು, ಮನೆಯಿಂದ ಹಾಗೆ ಹೊರಬರಲು ಆಗುವುದಿಲ್ಲ. ಇಪ್ಪತ್ತು ವರ್ಷದ ಸಾಲ ಹೊತ್ತು ಕೊಳ್ಳುವ ಆಸ್ತಿಗೆ ಅಷ್ಟು ರಕ್ಷಣೆಯೂ ಇಲ್ಲ ಎಂಬುದನ್ನು ಯಾವ ಕಾರಣದಿಂದಲೂ ಸಮರ್ಥಿಸಲು ಸಾಧ್ಯವಿಲ್ಲ.

ನೆರೆಯ ಮಹಾರಾಷ್ಟ್ರದ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅದು ಬೇಕಾದದ್ದೇ, ಆದರೆ ಅರ್ಧ ಕೆಲಸ. ಪರೀಕ್ಷೆ ಪಾಸಾದವರ ಜ್ಞಾನ ಯಾರ ಪರ ಬಳಕೆಯಾಗುತ್ತಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸಿಂಗಪುರ ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದೆ. 2010ರಿಂದ ಅಲ್ಲಿ ಒಂದೇ ವ್ಯವಹಾರದಲ್ಲಿ ಮಾರುವವರನ್ನೂ ಕೊಳ್ಳುವವರನ್ನೂ ಒಬ್ಬರೇ ಏಜೆಂಟರು ಪ್ರತಿನಿಧಿಸುವಂತಿಲ್ಲ. ಫೋನ್ ಸಂಖ್ಯೆ ಹಾಕಿದರೆ ಏಜೆಂಟರ ನೋಂದಣಿ ವಿವರ ತೆರೆದುಕೊಳ್ಳುತ್ತದೆ. ಅಮೆರಿಕದಲ್ಲಿ ನೆಲೆಸಿ ಮನೆ ಕೊಂಡಿರುವ ಕನ್ನಡಿಗರಿಗೆ ಇನ್ನೊಂದು ಬದಲಾವಣೆ ಗೊತ್ತಿರುತ್ತದೆ. ಕೊಳ್ಳುವವರ ಏಜೆಂಟರ ಸಂಭಾವನೆಯೂ ಮಾರುವವರ ಕಡೆಯಿಂದಲೇ ಸಾಗಿಬರುತ್ತಿದ್ದ ಪದ್ಧತಿಯ ವಿರುದ್ಧ ಅಲ್ಲಿ ದಾವೆಗಳು ನಡೆದು, ಏಜೆಂಟರ ರಾಷ್ಟ್ರೀಯ ಸಂಘ ರಾಜಿ ಮಾಡಿಕೊಂಡಿತು. ಅದರಂತೆ 2024ರ ಆಗಸ್ಟ್‌ನಿಂದ, ಮನೆ ತೋರಿಸುವ ಮೊದಲೇ ಸಂಭಾವನೆಯನ್ನು ನಮೂದಿಸಿದ ಲಿಖಿತ ಒಪ್ಪಂದ ಆಗಬೇಕು. ಸಿಂಗಪುರದ ನಿಷೇಧವನ್ನು ಇಲ್ಲಿ ನಾಳೆಯೇ ತನ್ನಿ ಎಂದು ಕೇಳುತ್ತಿಲ್ಲ. ನಮ್ಮ ಸಣ್ಣ ಊರುಗಳಲ್ಲಿ ಒಬ್ಬರೇ ಎರಡೂ ಕಡೆ ಓಡಾಡುವುದು ಅನಿವಾರ್ಯವಾಗಿರಬಹುದು. ಓಡಾಡಲಿ, ಆದರೆ ಎರಡೂ ಕಡೆಯವರಿಗೆ ಅದು ತಿಳಿದಿರಲಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಅಧಿಕಾರವ್ಯಾಪ್ತಿಯದು, ಅದು ತೂಕವುಳ್ಳದ್ದು. 9ನೇ ಸೆಕ್ಷನ್ ಅನ್ವಯವಾಗುವುದು ನೋಂದಾಯಿತ ಯೋಜನೆಯಲ್ಲಿ ಪ್ರವರ್ತಕರೇ ಮಾರುವ ಆಸ್ತಿಗೆ. ಮರುಮಾರಾಟದ ಮನೆಗಳಲ್ಲಿ ದಲ್ಲಾಳಿಯಾಗಲು ಈ ನೋಂದಣಿ ಬೇಕಿಲ್ಲ, ಆದ್ದರಿಂದ ಅಲ್ಲಿ ತಮ್ಮ ಕೈ ಕಟ್ಟಿದೆ ಎಂದು ಹೇಳಬಹುದು. ಒಪ್ಪುತ್ತೇನೆ. ಆದರೆ ಹೊಸ ಯೋಜನೆಗಳ ಮಟ್ಟಿಗೆ 37ನೇ ಸೆಕ್ಷನ್ ಪ್ರವರ್ತಕರು, ಹಂಚಿಕೆದಾರರು ಮತ್ತು ಏಜೆಂಟರಿಗೆ ನಿರ್ದೇಶನ ಕೊಡುವ ಅಧಿಕಾರವನ್ನು ತಮಗೆ ಸ್ಪಷ್ಟವಾಗಿಯೇ ಕೊಟ್ಟಿದೆ, ಆ ನಿರ್ದೇಶನ ಎಲ್ಲರಿಗೂ ಬದ್ಧ. ಪಾಲಿಸದ ಏಜೆಂಟರಿಗೆ 65ನೇ ಸೆಕ್ಷನ್‌ನ ದಂಡವಿದೆ. ಮರುಮಾರಾಟಕ್ಕೆ ರಾಜ್ಯದ ಕಾನೂನು ಬೇಕು, ಅದನ್ನು ಸರ್ಕಾರಕ್ಕೆ ಶಿಫಾರಸು ಮಾಡಲು 32ನೇ ಸೆಕ್ಷನ್ ಇದೆ. ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ ಕರಾರು ಮತ್ತು ಏಜೆನ್ಸಿ ಸೇರಿರುವುದರಿಂದ ರಾಜ್ಯಕ್ಕೆ ಶಾಸನ ಮಾಡುವ ಅಧಿಕಾರ ಇದೆ. ಹರಿಯಾಣ 2008ರಲ್ಲೇ ಆಸ್ತಿ ದಲ್ಲಾಳಿಗಳಿಗೆಂದು ಪ್ರತ್ಯೇಕ ಕಾಯ್ದೆ ಮಾಡಿ ಲೈಸೆನ್ಸ್ ಪದ್ಧತಿ ತಂದಿತು. ಅಲ್ಲಿ ಆದದ್ದು ಇಲ್ಲಿ ಆಗದಿರಲು ಕಾನೂನಿನ ಅಡ್ಡಿ ಯಾವುದೂ ಕಾಣುವುದಿಲ್ಲ.

ಎರಡನೆಯ ಆಕ್ಷೇಪ ಮನಸ್ಸಿಗೆ ಹತ್ತಿರದ್ದು. ಬಡಾವಣೆಯ ಮೂಲೆಯಲ್ಲಿ ಜೆರಾಕ್ಸ್ ಅಂಗಡಿಯ ಜೊತೆಗೆ ದಲ್ಲಾಳಿ ಕೆಲಸ ಮಾಡುವವರು, ಬಾಡಿಗೆ ಮನೆ ತೋರಿಸುತ್ತಾ ವರ್ಷಕ್ಕೆ ಒಂದೆರಡು ಮಾರಾಟ ಮುಗಿಸುವವರು ಸಾವಿರಾರು ಜನ. ಅವರ ಮೇಲೆ ಇನ್ನೊಂದು ಕಾಗದದ ಹೊರೆ ಏಕೆ? ರಾಜ್ಯದ 2017ರ ನಿಯಮಗಳಂತೆ ವ್ಯಕ್ತಿಯೊಬ್ಬರ ಏಜೆಂಟ್ ನೋಂದಣಿಗೆ 25,000 ರೂಪಾಯಿ, ಸಂಸ್ಥೆಗಳಿಗೆ 2 ಲಕ್ಷ. ಇಂಥ ಸಣ್ಣವರಿಗೆ ಈ ಶುಲ್ಕ ನಿಜಕ್ಕೂ ಭಾರ, ಅದನ್ನು ತಗ್ಗಿಸಬೇಕೆಂದು ಸರ್ಕಾರಕ್ಕೆ ಬರೆದರೆ ನ್ಯಾಯವಾಗುತ್ತದೆ. ಆದರೆ ಒಂದು ಹಾಳೆಯ ಘೋಷಣೆಗೆ ಖರ್ಚಿಲ್ಲ. ಮೇಲಾಗಿ ಬರಹವಿಲ್ಲದಿರುವುದರಿಂದ ಹೆಚ್ಚು ಪೆಟ್ಟು ತಿನ್ನುವವರೂ ಇವರೇ. ತಿಂಗಳುಗಟ್ಟಲೆ ಸುತ್ತಾಡಿಸಿ, ಕೊನೆಗೆ ಕೊಳ್ಳುವವರೂ ಮಾರುವವರೂ ಅವರನ್ನು ಬಿಟ್ಟು ನೇರವಾಗಿ ಕ್ರಯ ಮುಗಿಸಿಕೊಂಡರೆ ಕಮಿಷನ್ ಕೇಳಲು ಅವರ ಬಳಿ ಏನೂ ಇರುವುದಿಲ್ಲ. ಸಹಿ ಮಾಡಿದ ಹಾಳೆ ಅವರಿಗೂ ಆಧಾರ. ಅದರಲ್ಲಿ ಇಂತಿಷ್ಟು ಮನೆ ತೋರಿಸಿದ್ದಕ್ಕೆ, ದಾಖಲೆ ಪರಿಶೀಲನೆಗೆ ನೆರವಾದದ್ದಕ್ಕೆ ಸಣ್ಣ ನಿಗದಿತ ಶುಲ್ಕವನ್ನೂ ನಮೂದಿಸಿಕೊಳ್ಳಬಹುದು. ಆಗ ‘ಇದು ಬೇಡ’ ಎಂದು ಹೇಳಿದ ದಿನವೂ ಅವರ ಕೈ ಬರಿದಾಗಿರುವುದಿಲ್ಲ.

ವಕೀಲರಿದ್ದಾರೆ, ಅವರೇ ನೋಡಿಕೊಳ್ಳುತ್ತಾರೆ ಎನ್ನುವವರೂ ಇದ್ದಾರೆ. ವಕೀಲರು ನೋಡುವುದು ತಮ್ಮ ಮುಂದಿಟ್ಟ ಕಾಗದಗಳನ್ನು, ಅದೂ ಹೆಚ್ಚಿನ ಸಂದರ್ಭದಲ್ಲಿ ಟೋಕನ್ ಕೊಟ್ಟಾದ ಮೇಲೆ. ಎಷ್ಟೋ ಸಲ ಆ ವಕೀಲರನ್ನು ತೋರಿಸಿಕೊಟ್ಟವರೂ ಬ್ರೋಕರೇ ಆಗಿರುತ್ತಾರೆ. ಯಾವ ಮನೆಯನ್ನು ನೋಡಬೇಕು, ಬೆಲೆ ಎಷ್ಟು ಸರಿ ಎಂಬ ತೀರ್ಮಾನಗಳಿಗೆ ಅವರು ಸಾಕ್ಷಿಯೂ ಅಲ್ಲ. ಕಮಿಷನ್ ದರ ವ್ಯಾಪಾರದ ಗುಟ್ಟು ಎಂದು ಬಿಲ್ಡರ್‌ಗಳು ವಾದಿಸಿದರೆ, ಪ್ರತಿಸ್ಪರ್ಧಿಗಳಿಂದ ಮುಚ್ಚಿಡುವುದಕ್ಕೂ ಅದನ್ನು ಬೆಲೆಯಲ್ಲಿ ಭರಿಸುವ ಗ್ರಾಹಕರಿಂದ ಮುಚ್ಚಿಡುವುದಕ್ಕೂ ವ್ಯತ್ಯಾಸವಿದೆ ಎಂದು ಹೇಳಬೇಕಾಗುತ್ತದೆ. ಜನ ಓದದೆ ಸಹಿ ಹಾಕುತ್ತಾರೆ ಎಂಬ ಮಾತಿನಲ್ಲಿ ಸತ್ಯವಿದೆ. ಹಾಗಾಗಿಯೇ ಆ ಹಾಳೆ ಒಂದೇ ಪುಟದ್ದಾಗಿರಬೇಕು, ಕನ್ನಡದಲ್ಲಿರಬೇಕು, ಶೇಕಡಾವಾರು ಸಾಲದು, ರೂಪಾಯಿಯಲ್ಲಿ ಮೊತ್ತ ಇರಬೇಕು. ಹತ್ತು ಜನರಲ್ಲಿ ಇಬ್ಬರು ಓದಿದರೂ ಸಾಕು, ಅವರು ಕೇಳುವ ಪ್ರಶ್ನೆಗೆ ಏಜೆಂಟರು ತಯಾರಾಗಲೇಬೇಕಾಗುತ್ತದೆ.

ಪ್ರಾಧಿಕಾರದ ಜಾಲತಾಣದಲ್ಲಿ ಏಜೆಂಟರ ಪಟ್ಟಿ ಇದೆ. 34ನೇ ಸೆಕ್ಷನ್ ಅವರ ಹೆಸರು ಮತ್ತು ಭಾವಚಿತ್ರವನ್ನಷ್ಟೇ ಅಲ್ಲ, ನೋಂದಣಿ ತಿರಸ್ಕೃತವಾದವರ ಮತ್ತು ರದ್ದಾದವರ ವಿವರವನ್ನೂ ಸಾರ್ವಜನಿಕರ ಮುಂದಿಡಬೇಕು ಎನ್ನುತ್ತದೆ. ಅನೇಕ ಗ್ರಾಹಕರು ಕರಪತ್ರದಲ್ಲಿ ಯೋಜನೆಯ ರೇರಾ ಸಂಖ್ಯೆಯನ್ನು ನೋಡಿ, ಎದುರಿಗಿರುವ ಏಜೆಂಟರೂ ನೋಂದಾಯಿತರೆಂದು ಭಾವಿಸಿಬಿಡುತ್ತಾರೆ. ಯೋಜನೆಯ ಸಂಖ್ಯೆಯ ನಡುವೆ ‘ಪಿಆರ್’, ಏಜೆಂಟರ ಸಂಖ್ಯೆಯಲ್ಲಿ ‘ಎಜಿ’ ಎಂಬ ಅಕ್ಷರಗಳಿರುತ್ತವೆ ಎಂಬುದು ಎಷ್ಟು ಜನರಿಗೆ ಗೊತ್ತು? ಈ ಹಾಳೆಯ ತಲೆಯಲ್ಲೇ ಏಜೆಂಟರ ಸಂಖ್ಯೆ, ಅದರ ಪಕ್ಕದಲ್ಲಿ ಮೊಬೈಲ್‌ನಿಂದ ನೇರವಾಗಿ ಪ್ರಾಧಿಕಾರದ ದಾಖಲೆಗೆ ಕರೆದೊಯ್ಯುವ ಕ್ಯೂಆರ್ ಕೋಡ್ ಇದ್ದರೆ, ಆ ದಾಖಲೆಯಲ್ಲಿ ಅವರ ವಿರುದ್ಧ ಪ್ರಾಧಿಕಾರ ಕೊಟ್ಟ ಆದೇಶಗಳೂ ಸೇರಿದ್ದರೆ, ಬೆಂಗಳೂರಿನಲ್ಲಿ ಕುಳಿತವರಿಗಷ್ಟೇ ಅಲ್ಲ, ದುಬೈಯಲ್ಲೋ ಸ್ಯಾನ್ ಹೋಸೆಯಲ್ಲೋ ಕುಳಿತು ಮೈಸೂರಿನಲ್ಲಿ ತಂದೆತಾಯಿಗೆ ಮನೆ ಹುಡುಕುತ್ತಿರುವವರಿಗೂ ನಿಜವಾದ ಆಯ್ಕೆ ಸಾಧ್ಯವಾಗುತ್ತದೆ. ದೂರದವರು ಏಜೆಂಟರ ಕಣ್ಣಿನಿಂದಲೇ ಮನೆ ನೋಡುತ್ತಾರೆ, ಅವರಿಗೆ ಈ ಮಾಹಿತಿಯ ಅಗತ್ಯ ಇನ್ನೂ ಹೆಚ್ಚು.

ಆದ್ದರಿಂದ 37ನೇ ಸೆಕ್ಷನ್ ಅಡಿ ಹೊರಡಿಸಬೇಕಾದ ನಿರ್ದೇಶನದ ಕರಡನ್ನು, ಘೋಷಣಾ ಹಾಳೆಯ ಮಾದರಿಯ ಸಮೇತ, ಕನ್ನಡದಲ್ಲಿ ಪ್ರಕಟಿಸಿ 30 ದಿನಗಳ ಕಾಲ ಆಕ್ಷೇಪಣೆಗಳನ್ನು ಆಹ್ವಾನಿಸಬೇಕೆಂದು ಕೋರುತ್ತೇನೆ. ಮನೆ ಕೊಂಡವರ ಸಂಘಗಳನ್ನೂ ಏಜೆಂಟರ ಸಂಘಗಳನ್ನೂ ಒಂದೇ ದಿನ, ಒಂದೇ ಕೋಣೆಯಲ್ಲಿ ಕೂರಿಸಿ ಕೇಳಿ. ಮರುಮಾರಾಟದ ದಲ್ಲಾಳಿಗಳಿಗೆ ಸಂಬಂಧಿಸಿದ ಶಿಫಾರಸನ್ನು ಅದರ ಜೊತೆಯಲ್ಲೇ ವಸತಿ ಇಲಾಖೆಗೆ ಕಳುಹಿಸಿ, ಕಳುಹಿಸಿದ ಪ್ರತಿಯನ್ನು ಜಾಲತಾಣದಲ್ಲಿ ಹಾಕಿ.

ಇತಿ ಗೌರವಪೂರ್ವಕವಾಗಿ,
ಮನೆ ಕೊಳ್ಳುವವರ ಹಕ್ಕಿನ ಬಗ್ಗೆ ಕಾಳಜಿಯುಳ್ಳ ನಾಗರಿಕ